ಹೊಸ ಕೈಗೆ ಹೊಸ ಮೆಷಿನ್

ಹರಿಹರದ ನಮ್ಮ ಕಚೇರಿಗೆ ಹೋದ ತಿಂಗಳು ಹೊಸಬಳೊಬ್ಬಳು ಬಂದಿದ್ದಾಳೆ. ಗಂಡ ಇದೇ ಇಲಾಖೆಯಲ್ಲಿದ್ದರು, ತೀರಿಕೊಂಡರು. ಅನುಕಂಪದ ಮೇಲೆ ಅವಳಿಗೆ ಕೆಲಸ ಸಿಕ್ಕಿದೆ. ಕಡರನಾಯಕನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ವಯಸ್ಸು ನಲವತ್ತರ ಹತ್ತಿರ. ಮೌಸನ್ನು ಒಲೆಯ ಮೇಲಿನ ಬಿಸಿ ಪಾತ್ರೆ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿಯುತ್ತಾಳೆ. ಸರ್ಕಾರಿ ನೌಕರರಿಗೆಂದೇ ಇರುವ ಕಂಪ್ಯೂಟರ್ ಪರೀಕ್ಷೆಯನ್ನು ಅವಳು ಪಾಸು ಮಾಡಲೇಬೇಕು, ಇಲ್ಲದಿದ್ದರೆ ಕೆಲಸ ಕಾಯಂ ಆಗುವುದು ಕಷ್ಟ. ಮೊನ್ನೆ ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚುತ್ತಾ ನನ್ನನ್ನು ಒಂದು ಮಾತು ಕೇಳಿದಳು. ತವರಿನವರು ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಟ್ಟಿದ್ದಾರಂತೆ. ರಿಪೇರಿ ಅಂಗಡಿಯವರು, ಅದನ್ನು ನಡೆಸುವ ತಂತ್ರಾಂಶ ಎಲ್ಲರ ಹತ್ತಿರ ಇರುವಂಥದ್ದನ್ನೇ ಹಾಕಲೋ ಅಥವಾ ಪುಕ್ಕಟೆ ಸಿಗುವ ಲಿನಕ್ಸಿನಲ್ಲಿ ತೀರಾ ಹೊಸದನ್ನು ಹಾಕಲೋ ಎಂದು ಕೇಳಿದ್ದಾರಂತೆ.

"ನಂಗೆ ಒಂದೂ ಗೊತ್ತಾಗವಲ್ದು ಅಕ್ಕಾರೆ. ಕಲಿಯೋರಿಗೆ ಯಾವ್ದು ಸರಿ, ನೀವೇ ಹೇಳ್ರಿ" ಎಂದಳು.

ನಾನು ಸೋಮವಾರ ಹೇಳುತ್ತೇನೆ ಎಂದೆ. ಹೌದು ಎನ್ನಲೂ ಆಗದ, ಇಲ್ಲ ಎನ್ನಲೂ ಆಗದ ಕಡತ ಬಂದರೆ ಅದರ ಮೇಲೆ 'ಪರಿಶೀಲಿಸಿ ಮಂಡಿಸುವುದು' ಎಂದು ಬರೆದು ಪಕ್ಕದ ಟೇಬಲ್ಲಿಗೆ ತಳ್ಳುವುದು ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನಾನು ಕಲಿತ ವಿದ್ಯೆ. ಆದರೆ ಈ ಕಡತವನ್ನು ತಳ್ಳೋಣವೆಂದರೆ ಪಕ್ಕದಲ್ಲಿ ಟೇಬಲ್ಲೇ ಇಲ್ಲ. ಇದಕ್ಕೆ ಉತ್ತರ ಹೇಳಬೇಕಾದವರು ಕಳೆದ ವರ್ಷ ಕಾರ್ತೀಕದಲ್ಲಿ ತೀರಿಕೊಂಡರು. ಅವರಿದ್ದಾಗಲೂ ನಾನು ಅವರ ಮಾತನ್ನು ಪೂರ್ತಿ ಒಪ್ಪಿದವಳಲ್ಲ, ಪೂರ್ತಿ ಬಿಟ್ಟವಳೂ ಅಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ ಅವರದು. ಇಪ್ಪತ್ತಾರು ವರ್ಷ ಹರಿಹರದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇಥ್ ಮೆಷಿನ್ ಮೇಲೆ ಕೆಲಸ ಮಾಡಿದ ಟರ್ನರ್. ಓಣಿಯ ಎಲ್ಲರೂ ಅವರನ್ನು ಟರ್ನರ್ ಎಂದೇ ಕರೆಯುತ್ತಿದ್ದರು. ಮದುವೆ ಕಾರ್ಡಿನ ಮೇಲೂ ಹಾಗೆಯೇ ಬರೆದದ್ದನ್ನು ನಾನು ನೋಡಿದ್ದೇನೆ. ನಾನು ಮಾತ್ರ ಅಣ್ಣಾರೆ ಎನ್ನುತ್ತಿದ್ದೆ. ಏನನ್ನೇ ಕೈಗೆ ತೆಗೆದುಕೊಳ್ಳಲಿ, ಮೊದಲು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡುವ ಅಭ್ಯಾಸ ಅವರಿಗೆ. ಚಹಾದ ಲೋಟವಾದರೂ ಅಷ್ಟೇ, ನಾವು ಕೊಟ್ಟ ಕುಬಸದ ಖಣವಾದರೂ ಅಷ್ಟೇ. ಸಂಜೆ ಮಂಡಕ್ಕಿ ಮಿರ್ಚಿ ತಿಂದರೆ ಕೈಯನ್ನು ಕಾಟನ್ ವೇಸ್ಟಿನಲ್ಲಿ ಒರೆಸಿಕೊಳ್ಳದೆ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಆ ನೂಲಿನ ಉಂಡೆಯನ್ನು ಎಲ್ಲಿಂದ ತರುತ್ತಿದ್ದರೋ ಗೊತ್ತಿಲ್ಲ, ಕಾರ್ಖಾನೆ ಬಿಟ್ಟ ಮೇಲೂ ಅದು ಅವರ ಜೇಬಿನಲ್ಲಿ ಇದ್ದೇ ಇರುತ್ತಿತ್ತು.

ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರ್. ಆಫೀಸುಗಳು ಹೊರಗೆ ಹಾಕಿದ್ದನ್ನು ತಂದು, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ, ತಾವೇ ಕಟ್ಟಿದ್ದು. ಮೂರರಲ್ಲೂ ಲಿನಕ್ಸ್. ಲಿನಕ್ಸಿನಲ್ಲಿ ನಾನಾ ಬಗೆ ಇವೆ, ಬಹಳ ಜನ ವರ್ಷಗಟ್ಟಲೆ ಬದಲಾಗದ, ನಿಧಾನದ್ದೊಂದನ್ನು ಹಾಕಿಕೊಂಡು ಸುಖವಾಗಿರುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಇವರು ಹಾಕಿದ್ದು ಮಾತ್ರ ಹೊಸದು ಏನು ಬಂದರೂ ಎಲ್ಲರಿಗಿಂತ ಮುಂಚೆ ಬಂದು ಬೀಳುವಂಥದ್ದು. ವಾರಕ್ಕೊಮ್ಮೆ ಅಪ್‌ಡೇಟ್. ಬೆಳಿಗ್ಗೆ ಪೇಪರ್ ಓದುವವರ ಹಾಗೆ, ಇವತ್ತು ಏನೇನು ಬದಲಾಯಿತು ಎಂಬ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದುತ್ತಾ ಕೂತಿರುತ್ತಿದ್ದರು.

ನಾನು ಅವರ ಮನೆಗೆ ಹೋದದ್ದು ದೊಡ್ಡ ಆಸೆಯಿಂದಲ್ಲ. ಆಗ ನಾನು ದ್ವಿತೀಯ ದರ್ಜೆ ಸಹಾಯಕಿ. ಬಡ್ತಿ ಬರುವುದಿತ್ತು, ಆದರೆ ಅದೇ ಕಂಪ್ಯೂಟರ್ ಪರೀಕ್ಷೆ ಪಾಸಾಗಿರಬೇಕಿತ್ತು, ನಾನು ಎರಡು ಸಲ ಫೇಲಾಗಿದ್ದೆ. ಮೂರನೇ ಸಲವೂ ಹೋದರೆ ನನ್ನ ಹಿಂದಿನವನು ಮುಂದೆ ಹೋಗುತ್ತಿದ್ದ. ಭಾನುವಾರ ಬಿಡುವಿದ್ದಾಗ ಸ್ವಲ್ಪ ಕಲಿಸಿಕೊಡಿ ಎಂದು ಕೇಳಿದೆ. ಖುಷಿಯಾಗಿ ಹೆಂಡತಿಯನ್ನು ಕೂಗಿ ಚಹಾ ಇಡಲು ಹೇಳಿದರು. ಅಷ್ಟು ವರ್ಷದಲ್ಲಿ ಅವರಲ್ಲಿಗೆ ಕಲಿಯಲು ಬಂದ ಮೊದಲ ವ್ಯಕ್ತಿ ನಾನೇ ಎಂದು ಅಕ್ಕಾರು, ಅಂದರೆ ಅವರ ಹೆಂಡತಿ, ಚಹಾ ಕೊಡುವಾಗ ಹೇಳಿದರು.

ಮೊದಲ ದಿನವೇ ನನಗೆ ಅನುಮಾನ ಬಂತು. ನನ್ನಂಥ ಏನೂ ಬಾರದವಳಿಗೆ ಇಷ್ಟು ಹೊಸದು ಯಾಕೆ, ಹಳೆಯದು ಸ್ಥಿರವಾಗಿರುತ್ತದಲ್ಲ ಎಂದೆ. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತರು.

"ಹಳೇ ಲೇಥಿಗೆ ಹಳೇ ಕೈ ಬೇಕು ತಂಗಿ. ಎಲ್ಲಿ ಸವೆದೈತೆ, ಎಲ್ಲಿ ಸಡ್ಲ ಆಗೈತೆ, ಅವಂಗೆ ಗೊತ್ತಿರ್ತೈತೆ, ಸುಧಾರಿಸ್ಕೊಂಡು ಕೆಲಸ ತೆಗೀತಾನೆ. ಹೊಸಬಂಗೆ ಏನು ಗೊತ್ತು? ನಮ್ಮಲ್ಲಿ ಉಲ್ಟಾ ಮಾಡ್ತಿದ್ರು. ಹೊಸ ಹುಡುಗ್ರಿಗೆ ಸವೆದಿದ್ದ ಮೆಷಿನ್ ಕೊಡೋರು, ಕೆಟ್ರೆ ಕೆಡ್ಲಿ ಅಂತ. ಅವ್ರು ಮೆಷಿನ್ನಿನ ತಪ್ಪು ತಮ್ಮ ತಪ್ಪು ಅಂದ್ಕೊಂಡು ಅಳೋರು. ಹೊಸ ಕೈಗೆ ಹೊಸ ಮೆಷಿನ್ನೇ ಕೊಡ್ಬೇಕು."

ಈ ಮಾತು ಕೇಳಿದಾಗ ನನಗೆ ಅದು ಪೂರ್ತಿ ಸರಿ ಎನ್ನಿಸಿತು. ಮುಂದಿನ ಭಾನುವಾರದ ಹೊತ್ತಿಗೆ ಪೂರ್ತಿ ತಪ್ಪು ಎನ್ನಿಸಿತು. ಯಾಕೆಂದರೆ ಹೋದ ವಾರ ಎಡಗಡೆ ನೋಡಿಟ್ಟುಕೊಂಡಿದ್ದ ಗುಂಡಿ ಈ ವಾರ ಕೆಳಗೆ ಹೋಗಿತ್ತು. ಇನ್ನೊಂದು ಇರಲೇ ಇಲ್ಲ. ನನ್ನ ಅಡುಗೆಮನೆಗೆ ಯಾರೋ ನುಗ್ಗಿ ವಾರವಾರವೂ ಉಪ್ಪಿನ ಡಬ್ಬಿ ಜಾಗ ಬದಲಿಸಿ ಹೋದ ಹಾಗೆ. ಹಾಗೆಂದು ಸಿಟ್ಟಿನಲ್ಲೇ ಹೇಳಿದೆ. ಅವರು ನಕ್ಕರು. ಜಾಗ ನೆನಪಿಟ್ಟುಕೊಳ್ಳಬೇಡ, ಅದು ಏನು ಕೆಲಸ ಮಾಡುತ್ತದೆ ಎನ್ನುವುದನ್ನು ನೆನಪಿಟ್ಟುಕೋ, ಆಗ ಯಾವ ಅಡುಗೆಮನೆಯಲ್ಲಾದರೂ ಉಪ್ಪು ಹುಡುಕುತ್ತೀ ಎಂದರು. ನನಗೆ ಬೇಕಾಗಿದ್ದದ್ದು ಯಾವ ಅಡುಗೆಮನೆಯೂ ಅಲ್ಲ, ಒಂದು ಪರೀಕ್ಷೆ. ಅದನ್ನು ಅವರಿಗೆ ಹೇಗೆ ತಿಳಿಸಿ ಹೇಳಬೇಕೆಂದು ನನಗೆ ಗೊತ್ತಾಗಲಿಲ್ಲ.

ಅವರ ಹಟಕ್ಕೆ ಇನ್ನೊಂದು ಕಾರಣ ಇತ್ತು. ಅದು ನನಗೆ ಗೊತ್ತಾದದ್ದು ಒಂದು ಒತ್ತಕ್ಷರದಿಂದ. ಒಂದು ಅಪ್‌ಡೇಟ್ ಆದ ಮೇಲೆ ಪರದೆಯ ಮೇಲಿನ ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಕೆಳಗಿನ ಗೆರೆಗೆ ತಾಗಿ ಅರ್ಧ ಕತ್ತರಿಸಿಹೋಗುತ್ತಿದ್ದವು. ನಾನು ಕಣ್ಣು ಕಿರಿದು ಮಾಡಿಕೊಂಡು ಓದಿದೆ. ಅವರು ಸ್ಕೇಲು ತಂದು ಪರದೆಗೆ ಹಿಡಿದು ಅಳೆದರು. ಆಮೇಲೆ ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಕೂತು ಇಂಗ್ಲಿಷಿನಲ್ಲಿ ಎಂಟು ಸಾಲು ಬರೆದು, ಆ ಲಿನಕ್ಸ್ ಮಾಡುವವರಿಗೆ ಕಳಿಸಿದರು. ಅದನ್ನು ಮಾಡುವವರು ಅಂದರೆ ಯಾವುದೋ ದೇಶದವರು, ತಮ್ಮ ಮನೆಗಳಲ್ಲಿ ಕೂತವರು. ಅದರ ಒಳಗಿನದೆಲ್ಲ ಬಯಲಿಗಿರುತ್ತದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಸ್ವಲ್ಪ ದಿನಕ್ಕೆ ಉತ್ತರ ಬಂತು. ನೀವು ಹೇಳಿದ್ದು ನಿಜ, ಸರಿಮಾಡಿದ್ದೇವೆ, ಥ್ಯಾಂಕ್ಸ್ ಎಂದಿತ್ತು. ಮುಂದಿನ ಅಪ್‌ಡೇಟಿನಲ್ಲಿ ಒತ್ತಕ್ಷರಗಳು ಕಾಲು ಚಾಚಿ ಆರಾಮಾಗಿ ಕೂತಿದ್ದವು.

ಆ ಉತ್ತರವನ್ನು ಪ್ರಿಂಟ್ ತೆಗೆಸಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಅದರ ಮೇಲೆ ಕೈಯಿಟ್ಟು ಹೇಳಿದರು: "ಕಾರ್ಖಾನ್ಯಾಗೆ ಒಂದ್ಸಲ ಡ್ರಾಯಿಂಗಿನಾಗೆ ತಪ್ಪು ಕಂಡಿತ್ತು. ಮ್ಯಾಲಿನೋರಿಗೆ ಹೇಳಿದೆ. ನಿನ್ನ ಕೆಲಸ ನೀ ನೋಡ್ಕೊ ಅಂದ್ರು. ತಪ್ಪು ಡ್ರಾಯಿಂಗ್ ಹೆಂಗೈತೋ ಹಂಗೇ ನೂರಾರು ಪೀಸು ತೆಗೆದೆ, ಎಲ್ಲಾ ಸ್ಕ್ರ್ಯಾಪ್ ಆತು. ಇಲ್ಲಿ ನೋಡು, ಹೇಳಿದ್ದಕ್ಕ ಥ್ಯಾಂಕ್ಸ್ ಅಂದಾರೆ."

ಇದನ್ನು ಕೇಳಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅಳುತ್ತಲೇ ಇನ್ನೊಂದು ಯೋಚನೆಯೂ ಬಂತು. ಇವರಿಗೆ ಇದು ಸರಿ, ಇವರಿಗೆ ತಪ್ಪು ಕಂಡರೆ ಹಬ್ಬ. ನನಗೆ ತಪ್ಪು ಕಂಡರೆ ಎದೆ ಡವಡವ. ಇವರಿಗೆ ಒಗ್ಗಿದ್ದು ನನಗೆ ಒಗ್ಗಬೇಕೆಂದು ಎಲ್ಲಿದೆ?

ಪರೀಕ್ಷೆ ದಸರೆಯ ಬೆನ್ನಿಗೇ ಬಂತು. ಆಯುಧಪೂಜೆಯ ಬೆಳಿಗ್ಗೆ ಕೊನೆಯ ಅಭ್ಯಾಸ ಮಾಡೋಣವೆಂದು ಹೋದೆ. ಪೂಜೆಗೆ ಮುಂಚೆ ಎಲ್ಲ ಹೊಸದಾಗಿರಲಿ ಎಂದು ಅವರು ಮೂರಕ್ಕೂ ಅಪ್‌ಡೇಟ್ ಹಚ್ಚಿದ್ದರು. ಮೂರು ಪರದೆಯ ಮೇಲೂ ಪಟ್ಟಿ ನಿಧಾನ ಬೆಳೆಯುತ್ತಿತ್ತು. ಅಕ್ಕಾರು ಬೂದುಗುಂಬಳಕಾಯಿ, ಹೂವು, ಕರ್ಪೂರ ತಂದಿಟ್ಟರು. ಅಣ್ಣಾರು ವಿಭೂತಿ ತಟ್ಟೆ ಕೈಗೆತ್ತಿಕೊಂಡು, ನೇರ ಬಾಗಿಲ ಹತ್ತಿರ ಹೋಗಿ, ಮನೆಯ ಮೇನ್ ಸ್ವಿಚ್ ಎಳೆದುಬಿಟ್ಟರು.

ಕಾರ್ಖಾನೆಯಲ್ಲಿ ಪೂಜೆ ಶುರುವಾಗುವುದೇ ಹಾಗಂತೆ. ಮೊದಲು ಮೇನ್ ಎಳೆಯುವುದು, ಎಲ್ಲ ಮೆಷಿನ್ನೂ ಸದ್ದಡಗಿ ನಿಂತ ಮೇಲೆ ವಿಭೂತಿ ಹಚ್ಚುವುದು. ಇಪ್ಪತ್ತಾರು ವರ್ಷ ಎಳೆದ ಕೈ, ಕೇಳದೆಯೇ ಹೋಗಿ ಎಳೆಯಿತು. ಅಪ್‌ಡೇಟ್ ಅರ್ಧಕ್ಕೇ ಕಡಿದು ಮೂರು ಪರದೆಯೂ ಒಟ್ಟಿಗೇ ಕಪ್ಪಾದವು. ಅವರ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು, ಮುಖ ನೋಡಿದರೆ ಗೊತ್ತಾಯಿತು, ಏನಾಯಿತೆಂದು ಅವರಿಗೂ ತಿಳಿದಿತ್ತು. ಆದರೂ ಮೂರಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಹೂವಿಟ್ಟು, ಮಂಗಳಾರತಿ ಮಾಡಿ, ಕುಂಬಳಕಾಯಿ ಒಡೆದರು. ಮೇನ್ ಹಾಕಿದ ಮೇಲೆ ಅಕ್ಕಾರೇ ಒಂದರ ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಸಾಲುಗಳು ಬಂದು ನಿಂತುಬಿಟ್ಟವು.

ನಾನು ಬೇಡಿಕೊಂಡೆ. ಮೂರು ದಿನಕ್ಕೆ ಪರೀಕ್ಷೆ, ನಾನು ಬರೆದಿಟ್ಟುಕೊಂಡದ್ದೆಲ್ಲ ಅದರೊಳಗೇ ಇದೆ, ಈಗಲೇ ಸರಿಮಾಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಪೂಜೆಗಿಟ್ಟ ಆಯುಧವನ್ನು ನಾಳೆ ಬನ್ನಿ ಕೊಡುವವರೆಗೂ ಮುಟ್ಟುವ ಹಾಗಿಲ್ಲ. ಆ ಒಂದು ದಿನ ನಾನು ಅವರನ್ನೂ, ಅವರ ಲಿನಕ್ಸನ್ನೂ, ಕುಂಬಳಕಾಯಿಯನ್ನೂ ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದುಕೊಂಡಿಲ್ಲ.

ಮಾರನೇ ದಿನ ಸಂಜೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆ ಮುಟ್ಟಿ, ಕೂಡು ಎಂದು ಕುರ್ಚಿ ತೋರಿಸಿದರು. ತಾವು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತರು. ಮುಟ್ಟಲೇ ಇಲ್ಲ. ಆ ಬಿಳಿ ಸಾಲುಗಳನ್ನು ನನ್ನ ಕೈಲೇ ಒಂದೊಂದಾಗಿ ಓದಿಸಿದರು. ಹೊಸದು ಅರ್ಧಕ್ಕೆ ನಿಂತಿದೆ, ಹಿಂದಿನದು ಇನ್ನೂ ಒಳಗೆ ಇದೆ, ಅದನ್ನು ಏಳಿಸಿ ಅದರಿಂದ ಹೊಸದನ್ನು ಪೂರ್ತಿ ಮಾಡಬೇಕು. ಏನು ಬರೆಯಬೇಕೆಂದು ಅವರು ಹೇಳಿದರು, ನಾನು ಒತ್ತಿದೆ. ದೀಪ ಹಚ್ಚುವ ಹೊತ್ತಿಗೆ ಮೊದಲನೆಯದು ಎದ್ದು ಕೂತಿತು. ಉಳಿದ ಎರಡನ್ನು ನಾನೊಬ್ಬಳೇ ಏಳಿಸಿದೆ.

"ಬಿದ್ದಿದ್ದನ್ನ ಎಬ್ಸಾಕ ಬಂತಲ್ಲ. ಇನ್ನ ಯಾವ ಪರೀಕ್ಷೆಗೆ ಯಾಕ ಹೆದರ್ತಿ?" ಎಂದರು.

ಆ ಸಂಜೆ ನಾಲ್ಕು ಮನೆ ದೂರ ನಡೆದು ಬರುವಾಗ ನನಗಾದ ಖುಷಿಯನ್ನು ಇವತ್ತಿಗೂ ಮರೆತಿಲ್ಲ. ಮೂರನೇ ದಿನ ಪರೀಕ್ಷೆಗೆ ಹೋದೆ. ಫೇಲಾದೆ.

ಬಿದ್ದದ್ದನ್ನು ಎಬ್ಬಿಸು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಇಂಥ ಕೆಲಸಕ್ಕೆ ಯಾವ ಮೆನು ತೆರೆಯಬೇಕು, ಇಂಥ ಚಿತ್ರ ಎಲ್ಲಿದೆ, ಒತ್ತಿ ತೋರಿಸು ಎಂದು ಕೇಳಿದರು. ಎಲ್ಲವೂ ಎಲ್ಲರ ಹತ್ತಿರ ಇರುವಂಥದ್ದರ ಮೆನು, ಅದರ ಚಿತ್ರ. ನಾನು ಉಪ್ಪು ಹುಡುಕುತ್ತಾ ಕೂತೆ, ಸಮಯ ಮುಗಿಯಿತು. ಸ್ವಲ್ಪದರಲ್ಲಿ ಹೋಯಿತು. ನನಗಿಂತ ಎರಡು ವರ್ಷ ಆಮೇಲೆ ಸೇರಿದವನು ಪ್ರಥಮ ದರ್ಜೆಗೆ ಏರಿದ. ಅವನ ಟೇಬಲ್ಲಿಗೆ ಕಡತ ಒಯ್ದಿಟ್ಟು, ಸಾರ್ ಎಂದೆ. ಆ ಒಂದು ಪದ ನುಂಗಲು ನನಗೆ ಬಹಳ ದಿನ ಬೇಕಾಯಿತು.

ಅಣ್ಣಾರ ಮನೆಗೆ ಹೋಗುವುದನ್ನು ಬಿಟ್ಟೆ. ಎರಡು ಭಾನುವಾರ ಕಳೆದ ಮೇಲೆ ಅವರೇ ನಮ್ಮ ಮನೆ ಬಾಗಿಲಿಗೆ ಬಂದರು. ಒಳಗ ಬರ್ರಿ ಎಂದರೂ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಬಾಗಿಲ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಹೇಳಿದರು:

"ಭಾನುವಾರ ಬಾ ತಂಗಿ. ನಿಂಗೆ ಬೇಕಾದ್ದು ಹಾಕೀನಿ."

ಹೋಗಿ ನೋಡಿದರೆ ಮೂರನೇ ಕಂಪ್ಯೂಟರಿನಲ್ಲಿ ಲಿನಕ್ಸ್ ಇರಲಿಲ್ಲ. ಪರೀಕ್ಷೆಯಲ್ಲಿ ಕೇಳುತ್ತಾರಲ್ಲ, ಅದೇ ಇತ್ತು. ಅದೇ ಮೆನು, ಅದೇ ಚಿತ್ರಗಳು. ಹೀಗೆ ಅಭ್ಯಾಸ ಮಾಡು ಎಂದಷ್ಟೇ ಹೇಳಿ ಅವರು ಹೊರಗೆ ಹೋಗಿ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತರು. ಆರು ಭಾನುವಾರ ಹಾಗೆಯೇ ನಡೆಯಿತು. ನಾನು ಒಳಗೆ ಬಾಯಿಪಾಠ ಮಾಡುತ್ತಿದ್ದೆ, ಅವರು ಹೊರಗೆ ಇರುತ್ತಿದ್ದರು. ಒಂದು ಸಲವೂ ಆ ಪರದೆಯ ಕಡೆ ನೋಡಲಿಲ್ಲ. ನಾಲ್ಕನೇ ಸಲ ಪಾಸಾದೆ. ಪೇಡ ಕೊಟ್ಟು ಬಂದೆ.

ಇವತ್ತಿಗೂ ನನಗೆ ತಿಳಿಯದೆ ಉಳಿದದ್ದು ಇದು. ತಾವು ಹೇಳಿದ್ದು ತಪ್ಪು ಎಂದು ಒಪ್ಪಿ ಅವರು ಅದನ್ನು ಹಾಕಿದರೋ, ಅಥವಾ ಈ ಹೆಂಗಸಿನ ಬಡ್ತಿ ಹೋಯಿತಲ್ಲ ಎಂದು ಮರುಗಿ ಹಾಕಿದರೋ? ನನಗೆ ಸವೆದ ಮೆಷಿನ್ ಕೊಡುತ್ತಿದ್ದೇನೆ ಎಂದುಕೊಂಡೇ ಹೊರಗೆ ಕೂರುತ್ತಿದ್ದರೋ? ಕೇಳಬಹುದಿತ್ತು. ಕಚೇರಿಯಲ್ಲಿ ಕಂಪ್ಯೂಟರ್ ನಿಂತರೆ ಇವತ್ತಿಗೂ ಎಲ್ಲರೂ ನನ್ನ ಹತ್ತಿರ ಬರುತ್ತಾರೆ. ನನಗಿಂತ ಮುಂಚೆ ಪಾಸಾದವರೂ ಬರುತ್ತಾರೆ. ನಾನು ಹೆದರದೆ ಸಾಲು ಸಾಲಾಗಿ ಓದಿ ನೋಡುತ್ತೇನೆ, ಹತ್ತರಲ್ಲಿ ಏಳು ಸಲ ಎಬ್ಬಿಸುತ್ತೇನೆ. ಅದನ್ನು ಕಲಿಸಿದ್ದು ಆ ಆರು ಭಾನುವಾರ ಅಲ್ಲ. ಪಾಸು ಮಾಡಿಸಿದ್ದು ಮಾತ್ರ ಅವೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಹೋದರೆ ನನಗೆ ತಲೆ ತಿರುಗುತ್ತದೆ.

ಹಾಗಾಗಿ ಈ ಭಾನುವಾರ ಅಕ್ಕಾರನ್ನು ನೋಡಲು ಹೋದೆ. ಅವರು ಮೊದಲನೇ ಕಂಪ್ಯೂಟರ್ ಮುಂದೆ ಕೂತು ತಂಗಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದರು. ಮುಗಿಸಿ, ಏನೋ ಒತ್ತಿದರು, ಅಪ್‌ಡೇಟ್ ಶುರುವಾಯಿತು. ಅರವತ್ತು ದಾಟಿದ ಮೇಲೆ ಕೈಗೆ ಕಂಪ್ಯೂಟರ್ ಬಂದ ಹೆಂಗಸು. ಗುಂಡಿಗಳ ಜಾಗ ಬದಲಾದರೆ ಕಷ್ಟವಾಗುವುದಿಲ್ಲವೇ ಎಂದು ಕೇಳಿದೆ. ಬದಲಾಗ್ತಾವ, ಹುಡ್ಕಿದ್ರ ಸಿಗ್ತಾವ ಎಂದರು. ಎಲ್ಲರ ಹತ್ತಿರ ಇರುವುದು ಇನ್ನೂ ಸುಲಭ ಅಲ್ಲವೇ ಎಂದೆ.

"ಬ್ಯಾರೆ ಥರದ್ದೂ ಇರ್ತಾವೇನವ್ವಾ?" ಎಂದರು. ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಏಳುವಾಗ ಮೂರನೇ ಕಂಪ್ಯೂಟರ್ ಕಡೆ ನೋಡಿದೆ. ಅದನ್ನೂ ಅಕ್ಕಾರು ಹಚ್ಚಿ ತೋರಿಸಿದರು. ಅದರಲ್ಲಿ ಮತ್ತೆ ಲಿನಕ್ಸ್ ಇತ್ತು.

"ನೀ ಪೇಡ ಕೊಟ್ಟು ಹೋದ ದಿನಾನೇ ತೆಗೆದು ಇದನ್ನ ಹಾಕಿದ್ರು. ಪ್ರತಿ ಭಾನುವಾರ ಇದನ್ನ ಹಚ್ಚಿ ಇಡೋರು. ಇನ್ನ ಕಲಿಯಾಕ ಬರ್ತಾಳ, ಬರ್ತೀನಂತ ಹೇಳ್ಯಾಳ ಅನ್ನೋರು. ಆಸ್ಪತ್ರೆಗೆ ಹೋಗೋ ಹಿಂದಿನ ವಾರಾನೂ ಹಚ್ಚಿದ್ರು."

ಹೇಳಿದ್ದು ನಿಜ. ಪೇಡ ಬಾಯಿಗೆ ಹಾಕಿಕೊಂಡು, ಪರೀಕ್ಷೆ ಮುಗೀತು, ಇನ್ನ ಕಲಿಯಾಕ ಬಾ ತಂಗಿ ಎಂದಿದ್ದರು. ಬರ್ತೀನಿ ಅಣ್ಣಾರೆ ಎಂದಿದ್ದೆ. ಮೂರು ವರ್ಷ ನಾಲ್ಕು ಮನೆ ದೂರದಲ್ಲೇ ಇದ್ದೆ. ಇದನ್ನು ಇಲ್ಲಿಯವರೆಗೆ ಬರೆಯದೆ ಬಂದೆ, ಬರೆಯದೆ ಮುಗಿಸಬಹುದು ಎಂದುಕೊಂಡಿದ್ದೆ.

ಇವತ್ತು ಸೋಮವಾರ. ಊಟದ ಹೊತ್ತಿನಲ್ಲಿ ಕಡರನಾಯಕನಹಳ್ಳಿಯವಳು ಪಕ್ಕದಲ್ಲಿ ಬಂದು ಕೂತಳು. ನಾನು ಬಹಳ ಯೋಚಿಸಿ ಸರ್ಕಾರಿ ಉತ್ತರವನ್ನೇ ಕೊಟ್ಟೆ. ಈಗ ಎಲ್ಲರ ಹತ್ತಿರ ಇರುವುದನ್ನು ಹಾಕಿಸು, ಬಾಯಿಪಾಠ ಮಾಡಿ ಪಾಸಾಗು, ಕೆಲಸ ಕಾಯಂ ಆಗಲಿ. ಆಮೇಲೆ ಆ ಹೊಸದನ್ನು ಹಾಕಿಸಿಕೊಂಡು ನಿಧಾನವಾಗಿ ಕಲಿ ಎಂದೆ. ಹೇಳಿದ ಮೇಲೆ ನನಗೇ ಎಷ್ಟು ಸರಿಯಾದ ಉತ್ತರ ಅನ್ನಿಸಿತು.

ಅವಳು ರೊಟ್ಟಿ ಮುರಿಯುತ್ತಾ ಕೇಳಿದಳು.

"ಪಾಸಾದ ಮ್ಯಾಲೆ ಯಾರು ಕಲಿಯಾಕ ಹೋಗ್ತಾರ್ರಿ ಅಕ್ಕಾರೆ? ನೀವು ಹೋದ್ರ್ಯಾ?"

ಇಲ್ಲ ಎಂದೆ.